ಹಿತ್ತಲ ಹೂವಿಗೆ ಫೋಕಸ್ ಸ್ಟ್ಯಾಕಿಂಗ್: ಗಾಳಿ ಮೊದಲು, ಸಾಫ್ಟ್‌ವೇರ್ ಕೊನೆಗೆ

ಫೋಕಸನ್ನು ಚೂರು ಚೂರೇ ಸರಿಸುತ್ತ ಒಂದೇ ಹೂವಿನ ಹಲವು ಫೋಟೊ (ಫ್ರೇಮ್) ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನಷ್ಟೇ ಸಾಫ್ಟ್‌ವೇರ್‌ನಲ್ಲಿ ಒಂದು ಚಿತ್ರವಾಗಿ ಕೂಡಿಸುವುದೇ ಫೋಕಸ್ ಸ್ಟ್ಯಾಕಿಂಗ್. ಅಷ್ಟೂ ಹೊತ್ತು ಹೂವು ಅಲುಗಬಾರದು. ವಿಜಯಪುರ, ಬಾಗಲಕೋಟೆ ಕಡೆ ಹೂವಿನ ಮ್ಯಾಕ್ರೋ (ತೀರ ಹತ್ತಿರದ ಫೋಟೊ) ತೆಗೆಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಾಳಿ. ಆಷಾಢದ ಗಾಳಿಯಲ್ಲಿ ಗಿಡದ ಮೇಲಿನ ಹೂವಿಗೆ ಸ್ಟ್ಯಾಕಿಂಗ್ ಬೇಡವೇ ಬೇಡ. ಶ್ಯಾವಂತಿಗೆ ಅರಳುವ ಚಳಿಗಾಲದ ಬೆಳಗು, ನೆಲ ಕಾಯುವುದಕ್ಕೆ ಮೊದಲಿನ ಹೊತ್ತು, ಇದಕ್ಕೆ ಹೇಳಿ ಮಾಡಿಸಿದ್ದು. ಆಗಲೂ ಹೂವಿನ ಪಕ್ಕ ಒಂದು ಬಿದಿರು ಕಡ್ಡಿ ನೆಟ್ಟು, ತೊಟ್ಟನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅದಕ್ಕೆ ಹಿಡಿಸಬೇಕು. ಗಾಳಿ ಬರುವ ದಿಕ್ಕಿಗೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಬಿಸಿಲು ಬೀಳುವ ಮಗ್ಗುಲಲ್ಲಿ ತೆಳು ಬಿಳಿ ಪಂಚೆ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ.

ಇಷ್ಟೆಲ್ಲ ಯಾಕೆಂದರೆ, ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಹೂವು ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಮೂಡುವಾಗ, ಎಫ್/8ರಲ್ಲಿ (ಎಫ್ ಅಂಕಿ ಹೆಚ್ಚಾದಷ್ಟೂ ಲೆನ್ಸಿನ ಕಂಡಿ ಕಿರಿದು) ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ. ಎಫ್/16 ಇಟ್ಟರೆ 2 ಮಿ.ಮೀ. ಸಿಗುತ್ತದೆ ನಿಜ, ಆದರೆ ಅಷ್ಟು ಹತ್ತಿರದಲ್ಲಿ ಅದರ ಪರಿಣಾಮ ಎಫ್/32ರಷ್ಟಿರುತ್ತದೆ. ಕಿರಿದಾದ ಕಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದ ಪರಾಗದ ಒಂದೊಂದು ಕಾಳೂ ಮಸುಕಾಗುತ್ತದೆ. ಅದಕ್ಕೇ ಎಫ್/5.6 ಅಥವಾ ಎಫ್/8ರಲ್ಲೇ ನಿಂತು ಫ್ರೇಮ್‌ಗಳನ್ನು ಹೆಚ್ಚಿಸಬೇಕು. ಒಂದು ಫ್ರೇಮಿನ ಸ್ಪಷ್ಟ ಭಾಗದ ಮೂರನೇ ಒಂದು ಪಾಲಾದರೂ ಮುಂದಿನದರಲ್ಲಿ ಮತ್ತೆ ಬರಬೇಕು; ಎಫ್/8ರಲ್ಲಿ ಹೆಜ್ಜೆ (ಪ್ರತಿ ಸಲ ಫೋಕಸ್ ಸರಿಸುವ ದೂರ) ಸುಮಾರು 0.65 ಮಿ.ಮೀ. 15 ಮಿ.ಮೀ. ಆಳದ ಚೆಂಡು ಹೂವಿಗೆ ಈ ಲೆಕ್ಕದಲ್ಲಿ 23–24 ಫ್ರೇಮ್ ಬೇಕು, ಹಿಂದೆ ಮುಂದೆ ಎರಡೆರಡು ಹೆಚ್ಚಿಗೆ ಇರಲಿ. ನಡುವೆ ಒಂದು ಹೆಜ್ಜೆ ತಪ್ಪಿದರೆ ಎಸಳಿನ ಮೇಲೆ ಮಸುಕಾದ ಪಟ್ಟಿ ಉಳಿಯುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ತುಂಬಿಕೊಡದು.

ತಾನೇ ಫೋಕಸ್ ಸರಿಸುತ್ತ ಸಾಲಾಗಿ ಫ್ರೇಮ್ ತೆಗೆಯುವ ಸೌಲಭ್ಯವಾದ ಫೋಕಸ್ ಬ್ರ್ಯಾಕೆಟಿಂಗ್‌ನ ಮೆನುವಿನಲ್ಲಿರುವ 1, 2, 3 ಎಂಬ ಅಂಕಿಗಳು ಮಿಲಿಮೀಟರ್ ಅಲ್ಲ. ಒಂದು ಸ್ಕೇಲನ್ನು ಓರೆಯಾಗಿಟ್ಟು ತೆಗೆದು, ಯಾವ ಅಂಕಿಗೆ ಫೋಕಸ್ ಎಷ್ಟು ಸರಿಯುತ್ತದೆಂದು ಬರೆದಿಟ್ಟುಕೊಳ್ಳಿ. ಈ ಸೌಲಭ್ಯ ಇಲ್ಲದ ಕ್ಯಾಮೆರಾದಲ್ಲಿ 1:1ರವರೆಗೆ ಲೆನ್ಸಿನ ಉಂಗುರವನ್ನೇ ತಿರುಗಿಸುವುದು ಮೇಲು. ಅದಕ್ಕಿಂತ ದೊಡ್ಡದು ಮಾಡುವಾಗ ಕ್ಯಾಮೆರಾವನ್ನೇ ಚೂರು ಚೂರು ಹಿಂದೆ ಮುಂದೆ ಸರಿಸುವ ಫೋಕಸಿಂಗ್ ರೈಲ್ ಬೇಕೇ ಬೇಕು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಐಎಸ್ಒ ಎಲ್ಲ ಮ್ಯಾನ್ಯುಯಲ್. ಎಲೆಕ್ಟ್ರಾನಿಕ್ ಶಟರ್ ಜೊತೆ ಮನೆಯ ಎಲ್ಇಡಿ ಬಲ್ಬು ನೆಚ್ಚಬೇಡಿ, ಅಡ್ಡ ಪಟ್ಟೆಗಳು ಬರುತ್ತವೆ.

ದಾಸವಾಳ ಬೇರೆಯೇ ಲೆಕ್ಕ. ನೇರ ಎದುರಿನಿಂದ ತೆಗೆದರೆ, ತುದಿಯ ಐದು ಕೆಂಪು ಗುಂಡುಗಳಿಂದ ಎಸಳಿನ ಬುಡದವರೆಗೆ ಐದಾರು ಸೆಂ.ಮೀ. ಆಳ, 1:1ರಲ್ಲಿ ಸುಮಾರು 80–90 ಫ್ರೇಮ್. ಅಷ್ಟು ಹೊತ್ತು ಹೂವು ಸುಮ್ಮನಿರುವುದಿಲ್ಲ, ಬೆಳಗಿನಲ್ಲಿ ಎಸಳು ಬಿಚ್ಚುತ್ತಲೇ ಇರುತ್ತದೆ. ಕೇಸರದ ಕಂಬ ಸೆನ್ಸರಿಗೆ ಸಮಾನಾಂತರವಾಗುವಂತೆ ಮಗ್ಗುಲಿನಿಂದ, 1:2 (ನಿಜ ಗಾತ್ರದ ಅರ್ಧ) ಅಳತೆಯಲ್ಲಿ ತೆಗೆಯಿರಿ. ಅಲ್ಲಿ ಎಫ್/8ಕ್ಕೆ ಸುಮಾರು 3 ಮಿ.ಮೀ. ಆಳ ಸಿಗುವುದರಿಂದ 2 ಮಿ.ಮೀ. ಹೆಜ್ಜೆ ಸಾಕು, ಹತ್ತು ಹನ್ನೆರಡು ಫ್ರೇಮಿನಲ್ಲಿ ಕಂಬ ಪೂರ್ತಿ ಮುಗಿಯುತ್ತದೆ. ಹಿಂದಿನ ಎಸಳನ್ನು ಸ್ಟ್ಯಾಕಿಗೆ ಸೇರಿಸಬೇಡಿ. ಅದು ಮಸುಕಾಗಿದ್ದರೇ ಕೇಸರ ಎದ್ದು ಕಾಣುತ್ತದೆ. ಶುರು ಮಾಡುವ ಮುನ್ನ ಇರುವೆಗಳನ್ನು ಮೆತ್ತನೆ ಬ್ರಷ್‌ನಿಂದ ಓಡಿಸಿ, ಇಲ್ಲದಿದ್ದರೆ ಒಂದೇ ಇರುವೆ ಚಿತ್ರದಲ್ಲಿ ಹತ್ತು ಕಡೆ ಕೂತಿರುತ್ತದೆ.

ಸಾಫ್ಟ್‌ವೇರ್‌ನಲ್ಲಿ ಝೆರೀನ್ ಸ್ಟ್ಯಾಕರ್ ಇದ್ದರೆ ಒಂದೇ ಸ್ಟ್ಯಾಕನ್ನು ಪಿಮ್ಯಾಕ್ಸ್, ಡಿಮ್ಯಾಪ್ ಎಂಬ ಅದರ ಎರಡು ವಿಧಾನದಲ್ಲೂ ಓಡಿಸಿ. ಪಿಮ್ಯಾಕ್ಸ್ ಒಂದರ ಮೇಲೊಂದು ಹಾಯುವ ಕೇಸರದ ಎಳೆಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ಹೆಚ್ಚಿಸುತ್ತದೆ. ಡಿಮ್ಯಾಪ್ ಎಸಳಿನ ಬಣ್ಣ, ನುಣುಪು ಉಳಿಸುತ್ತದೆ, ಎಳೆಗಳ ಅಂಚಿನಲ್ಲಿ ಪ್ರಭೆ ಬಿಡುತ್ತದೆ. ಡಿಮ್ಯಾಪ್ ಚಿತ್ರವನ್ನು ಬುನಾದಿಯಾಗಿಟ್ಟು, ಕೇಸರವನ್ನಷ್ಟೇ ಪಿಮ್ಯಾಕ್ಸ್‌ನಿಂದ ಬ್ರಷ್ ಮಾಡುವುದು ಸರಿಯಾದ ದಾರಿ. ದುಡ್ಡು ಖರ್ಚು ಮಾಡದೆ ಕಲಿಯುವವರಿಗೆ ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಮತ್ತು ಎನ್‌ಫ್ಯೂಸ್ ಸಾಕು.

ನಂದಿಬಟ್ಟಲಿನಂಥ ಅಚ್ಚ ಬಿಳಿ ಹೂವು ಈ ಸಾಫ್ಟ್‌ವೇರ್‌ಗಳಿಗೆಲ್ಲ ಕಷ್ಟ. ಎಸಳಿನ ಮೇಲೆ ಗೆರೆಯೇ ಇಲ್ಲದಿದ್ದರೆ ಯಾವ ಫ್ರೇಮ್ ಸ್ಪಷ್ಟವೆಂದು ಸಾಫ್ಟ್‌ವೇರಿಗೆ ತಿಳಿಯದು. ಮಗ್ಗುಲಿಂದ ತಗ್ಗಿನ ಬೆಳಕು ಬಿಟ್ಟು ನರಗಳ ನೆರಳು ಬೀಳಿಸಿ, ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ.

ನಮ್ಮ ಕಡೆಯ ಎರೆ ಮಣ್ಣಿನ ಧೂಳು ಸೆನ್ಸರ್ ಮೇಲಿದ್ದರೆ ಅದು ಒಂದು ಚುಕ್ಕೆಯಾಗಿ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಫ್ರೇಮ್‌ಗಳನ್ನು ಅಲೈನ್ ಮಾಡುವಾಗ, ಅಂದರೆ ಒಂದರ ಮೇಲೊಂದು ಹೊಂದಿಸುವಾಗ, ಪ್ರತಿ ಫ್ರೇಮಿನ ಗಾತ್ರ ಚೂರು ಬದಲಾಗುವುದರಿಂದ ಚುಕ್ಕೆಗಳು ಸಾಲುಗಟ್ಟಿ ಗೆರೆಯಾಗುತ್ತವೆ. ಬಿಳಿ ಗೋಡೆಯನ್ನು ಎಫ್/16ರಲ್ಲಿ ಫೋಕಸ್ ತಪ್ಪಿಸಿ ತೆಗೆದು ನೋಡಿ, ಚುಕ್ಕೆ ಕಂಡರೆ ಬ್ಲೋವರ್‌ನಿಂದ ಊದಿ ಆಮೇಲೆ ಸ್ಟ್ಯಾಕ್ ಶುರು ಮಾಡಿ.