ಹಿತ್ತಲಿನ ಫೀಡರ್‌ಗಳು: ನಾಲ್ಕನೆಯ ವಸಂತದ ದಿನಚರಿ

ಮಾರ್ಚ್ 22

ಮಧ್ಯ ನ್ಯೂಜೆರ್ಸಿಯ ನಮ್ಮ ಹಿತ್ತಲಿನಲ್ಲಿ, ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿಗಳಾದ ಹಮ್ಮಿಂಗ್‌ಬರ್ಡ್‌ಗಳಿಗಾಗಿ ಸಕ್ಕರೆ ನೀರಿನ ಫೀಡರ್ ತೂಗುಹಾಕಲು ಆರಂಭಿಸಿ ಇದು ನಾಲ್ಕನೆಯ ವಸಂತ. ಮೊದಲ ವರ್ಷ ಮೇ ತಿಂಗಳು ಅರ್ಧ ಕಳೆದ ಮೇಲೆ ತೂಗುಹಾಕಿದೆ. ಅಷ್ಟರಲ್ಲಿ ಬಂದ ಹಕ್ಕಿಗಳೆಲ್ಲ ತಮ್ಮ ತಮ್ಮ ಜಾಗ ಹಿಡಿದಿದ್ದವು, ಆಗಸ್ಟ್‌ವರೆಗೆ ನಮ್ಮಲ್ಲಿಗೆ ಒಂದೂ ಸುಳಿಯಲಿಲ್ಲ. ಎರಡನೆಯ ವರ್ಷ ಬಂದವು, ಆದರೆ ಒಂದೇ ಗಂಡು ಇಡೀ ಹಿತ್ತಲನ್ನು ತನ್ನ ಜಹಗೀರು ಮಾಡಿಕೊಂಡು ಉಳಿದವನ್ನು ಅಟ್ಟಿಬಿಟ್ಟಿತು. ಮೂರನೆಯ ವರ್ಷದ ಮೇ ತಿಂಗಳಲ್ಲಿ ವುಡ್ ಥ್ರಷ್ ಒಂದು ಅಡುಗೆಮನೆಯ ದೊಡ್ಡ ಗಾಜಿಗೆ ಬಡಿದು ಸತ್ತಿತು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ನಮ್ಮ ಗಾಜಿನಲ್ಲಿ ಕಂಡ ಮರದ ಬಿಂಬವನ್ನು ನಿಜವೆಂದು ನಂಬಿದ್ದನ್ನು ಆ ವರ್ಷವೆಲ್ಲ ಮರೆಯಲಾಗಲಿಲ್ಲ.

ಆದ್ದರಿಂದ ಈ ವರ್ಷ ಮೂರು ಬದಲಾವಣೆಗಳನ್ನು ಮಾಡಬೇಕೆಂದಿದ್ದೇನೆ: ಏಪ್ರಿಲ್ ಮಧ್ಯಕ್ಕೇ ಫೀಡರ್ ಹೊರಗಿರಬೇಕು, ಒಂದಕ್ಕೊಂದು ಕಾಣದಂತೆ ಎರಡಿರಬೇಕು, ಗಾಜಿಗೆ ಏನಾದರೂ ಮಾಡಲೇಬೇಕು. ಕಳೆದ ವಾರ ಗದುಗಿನಿಂದ ಅವ್ವ ಬಂದಿದ್ದಾಳೆ. ಆರು ತಿಂಗಳು ಇರುತ್ತಾಳೆ. ನನ್ನ ಪ್ರಯೋಗಗಳಿಗೆ ಇನ್ನು ಒಬ್ಬ ಖಾಯಂ ವಿಮರ್ಶಕಿ ಸಿಕ್ಕಂತಾಯಿತು.

ಮಾರ್ಚ್ 28

ಯುಗಾದಿಗೆ ಮನೆ ಸ್ವಚ್ಛ ಮಾಡುವ ಕೆಲಸ ನಡೆದಿದೆ. ಅವ್ವ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿಕೊಂಡು ಹಿಂದಿನ ಪೋರ್ಚಿನ ಮಾಳಿಗೆಯ ಮೂಲೆಗಳತ್ತ ಹೊರಟಾಗ ನಾನು ತಡೆದೆ. ಅಲ್ಲಿರುವ ಜೇಡನ ಬಲೆಗಳು ಹಾಗೆಯೇ ಇರಲಿ ಎಂದೆ.

"ಹಬ್ಬದ ಮುಂದ ಯಾರರೆ ಮನ್ಯಾಗ ಬಲಿ ಬಿಡತಾರೇನೋ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಹೆಣ್ಣು ಹಮ್ಮಿಂಗ್‌ಬರ್ಡ್ ತನ್ನ ಗೂಡನ್ನು ಕಟ್ಟುವುದು ಗಿಡಗಳ ಮೃದುವಾದ ಹತ್ತಿಯಂಥ ನಾರು ಮತ್ತು ಜೇಡನ ಎಳೆಗಳಿಂದ. ಹೊರಮೈಗೆ ಕಲ್ಲುಹೂವಿನ ಚೂರುಗಳನ್ನು ಅಂಟಿಸುತ್ತದೆ. ದೂರದಿಂದ ನೋಡಿದರೆ ಕೊಂಬೆಯ ಮೇಲಿನ ಗಂಟಿನಂತೆ ಕಾಣುತ್ತದೆ. ಗೂಡಿನ ಅಳತೆ ಅರ್ಧ ಅಕ್ರೋಟಿನಷ್ಟು. ಜೇಡನ ಎಳೆ ಹಿಗ್ಗುವುದರಿಂದ, ಒಳಗಿನ ಎರಡು ಮರಿಗಳು ಬೆಳೆದಂತೆ ಗೂಡೂ ಅಗಲವಾಗುತ್ತದೆ. ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೂ ಪೋರ್ಚಿನ ಎರಡು ಮೂಲೆಗಳನ್ನು ಬಿಟ್ಟು ಉಳಿದೆಲ್ಲ ಗುಡಿಸಿದಳು.

ಮಾರ್ಚ್ 30

ಯುಗಾದಿ. ಬೇವು ಬೆಲ್ಲ ತಿಂದ ಮೇಲೆ, ಹಕ್ಕಿಯ ನೀರಿಗೂ ಒಂದು ಚೂರು ಬೆಲ್ಲ ಹಾಕಬಾರದೇಕೆ ಎಂದು ಅವ್ವ ಕೇಳಿದಳು. ಪ್ರಶ್ನೆ ಸಹಜವಾದುದೇ, ಮೊದಲ ವರ್ಷ ನನಗೂ ಇದೇ ಯೋಚನೆ ಬಂದಿತ್ತು. ನಮಗೆ ಬೆಲ್ಲ ಒಳ್ಳೆಯದೆನ್ನಿಸುವ ಕಾರಣವೇ ಈ ಹಕ್ಕಿಗೆ ಕೆಡುಕಿನದು: ಶುದ್ಧೀಕರಿಸದ ಸಕ್ಕರೆಗಳಲ್ಲಿರುವ ಕಬ್ಬಿಣದ ಅಂಶ ಅದರ ದೇಹಕ್ಕೆ ಹೆಚ್ಚಾಗುತ್ತದೆ. ಜೇನುತುಪ್ಪವೂ ಸಲ್ಲದು, ನೀರು ಬೆರೆಸಿದ ಜೇನಿನಲ್ಲಿ ಬೂಷ್ಟು ಬೇಗ ಬೆಳೆಯುತ್ತದೆ. ಅಂಗಡಿಯ ಕೆಂಪು ಬಣ್ಣದ ದ್ರವವೂ ಬೇಡ, ಏಕೆಂದರೆ ಫೀಡರಿನ ಕೆಂಪು ಬುಡವೇ ಹಕ್ಕಿಯನ್ನು ಸೆಳೆಯಲು ಸಾಕು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಅಷ್ಟೇ. ಈ ಹಕ್ಕಿಗಳು ಹೆಚ್ಚಾಗಿ ಅರಸುವ ಹೂಗಳ ಮಕರಂದದ ಸಿಹಿಯೂ ಹೆಚ್ಚುಕಡಿಮೆ ಇದೇ ಮಟ್ಟದ್ದು.

ಏಪ್ರಿಲ್ 5

ಕಾಳಿನ ಫೀಡರ್‌ಗಳಿಗಾಗಿ ಮೂರು ಚೀಲ ತಂದೆ. ಅವ್ವ ಅವುಗಳನ್ನು ಬಿಚ್ಚಿ ಅಂಗೈಯಲ್ಲಿ ಹಾಕಿಕೊಂಡು ನೋಡಿದ ಗಳಿಗೆಯನ್ನು ಈ ದಿನಚರಿಯಲ್ಲಿ ಬರೆದಿಡಲೇಬೇಕು. ಮೊದಲ ಚೀಲದ ಕಪ್ಪು ಸಣ್ಣ ಕಾಳನ್ನು ಮೂಸಿ "ಇದು ಗುರೆಳ್ಳು" ಎಂದಳು. ಎರಡನೆಯದರ ಬಿಳಿಯ ಕಾಳಿಗೆ "ಕುಸುಬಿ" ಎಂದಳು. ಮೂರನೆಯದರಲ್ಲಿ ಬೆರೆತಿದ್ದ ದುಂಡನೆಯ ತಿಳಿ ಹಳದಿ ಕಾಳನ್ನು ಬೆರಳಿನಿಂದ ಬೇರ್ಪಡಿಸಿ "ಬರಗು" ಎಂದು ತೀರ್ಪು ಕೊಟ್ಟಳು. ಮೂರೂ ಸರಿ. ನಾಲ್ಕು ವರ್ಷಗಳಿಂದ ಇವನ್ನು ನೈಜರ್, ಸ್ಯಾಫ್ಲವರ್, ವೈಟ್ ಮಿಲೆಟ್ ಎಂಬ ಹೆಸರುಗಳಲ್ಲಿ ಕೊಳ್ಳುತ್ತಿದ್ದ ನನಗೆ, ಇವು ನಮ್ಮ ಹೊಲದ ಕಾಳುಗಳೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಇಲ್ಲಿ ಮಾರಾಟವಾಗುವ ಗುರೆಳ್ಳು ಇಥಿಯೋಪಿಯ, ಭಾರತ, ಮ್ಯಾನ್ಮಾರ್ ಮುಂತಾದ ಕಡೆಗಳಿಂದ ಬರುತ್ತದೆ. ಅದರೊಡನೆ ಸೇರಿ ಬರಬಹುದಾದ ಕಳೆಯ ಬೀಜಗಳು ಮೊಳೆಯದಂತೆ ಬಿಸಿ ಮಾಡಿದ ನಂತರವೇ ಅಂಗಡಿಗೆ ತಲುಪುತ್ತದೆ. ಗೋಲ್ಡ್‌ಫಿಂಚ್‌ಗಳಿಗೆ ಇದು ಅಚ್ಚುಮೆಚ್ಚು. ಚಳಿಗಾಲವೆಲ್ಲ ಕಂದುಬಣ್ಣದಲ್ಲಿದ್ದ ಗಂಡು ಗೋಲ್ಡ್‌ಫಿಂಚ್‌ಗಳು ಈಗ ಗರಿ ಬದಲಿಸುತ್ತಿವೆ. ಅಲ್ಲಲ್ಲಿ ಅರಿಸಿನ ಚಿಮುಕಿಸಿದಂತೆ ಕಾಣುತ್ತವೆ. ಕುಸುಬಿಯನ್ನು ಕಾರ್ಡಿನಲ್‌ಗಳು ಇಷ್ಟಪಡುತ್ತವೆ, ಅಳಿಲುಗಳು ಮತ್ತು ಸ್ಟಾರ್ಲಿಂಗ್‌ಗಳು ಸಾಮಾನ್ಯವಾಗಿ ಮೂಗು ಮುರಿಯುತ್ತವೆ. 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟ ಯುರೋಪಿನ ಸ್ಟಾರ್ಲಿಂಗ್‌ಗಳ ಸಂತತಿಯನ್ನು ದೂರವಿಡಬೇಕೆನ್ನುವವರಿಗೆ ಇದು ಅನುಕೂಲದ ಕಾಳು. ಒಂದು ಬಟ್ಟಲು ಗುರೆಳ್ಳನ್ನು ಚಟ್ನಿಪುಡಿಗೆಂದು ತೆಗೆದಿಡಬಹುದೇ ಎಂದು ಅವ್ವ ಕೇಳಿದಳು. ಹಕ್ಕಿಗೆಂದು ಮಾರುವುದನ್ನು ನಾವು ತಿನ್ನುವುದು ಬೇಡವೆಂದು ಹೇಳಿ, ನಾಳೆ ಇಂಡಿಯನ್ ಅಂಗಡಿಯಿಂದ ಬೇರೆ ತಂದುಕೊಡುತ್ತೇನೆಂದೆ.

ಏಪ್ರಿಲ್ 12

ಗಾಜಿನ ಕೆಲಸ ಮುಗಿಯಿತು. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳ ಸಂಖ್ಯೆಯನ್ನು 2014ರ ಅಧ್ಯಯನವೊಂದು ವರ್ಷಕ್ಕೆ ಸುಮಾರು 36 ಕೋಟಿಯಿಂದ 99 ಕೋಟಿಯವರೆಗೆ ಎಂದು ಅಂದಾಜು ಮಾಡಿದೆ. ಅದರಲ್ಲಿ ಸಾಮಾನ್ಯ ಮನೆಗಳ ಪಾಲು ಸಣ್ಣದಲ್ಲ. ಗಿಡುಗದ ಆಕಾರದ ಒಂದೆರಡು ಸ್ಟಿಕ್ಕರ್ ಅಂಟಿಸಿದರೆ ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಬಂದು ಬಡಿಯುತ್ತದೆ. ನಾನು ಎರಡು ವರ್ಷ ನಂಬಿದ್ದು ಇದೇ ಉಪಾಯವನ್ನು. ಈ ಸಲ ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಸಣ್ಣ ಬಿಳಿ ಚುಕ್ಕೆಗಳನ್ನು ಸಾಲಾಗಿ ಅಂಟಿಸಿದೆ. ಒಳಮೈಗೆ ಅಂಟಿಸಿದರೆ ಬಿಂಬ ಮುರಿಯುವುದಿಲ್ಲ. ಒಂದೇ ಕಿಟಕಿಗೆ ಪೂರ್ತಿ ಮಧ್ಯಾಹ್ನ ಹಿಡಿಯಿತು. ರಂಗೋಲಿಯ ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನೇ ಮರೆತಂತಿದೆ ಎಂದು ಅವ್ವ ನಕ್ಕಳು. ಕಾಳಿನ ಫೀಡರನ್ನೂ ಗಾಜಿನಿಂದ ಒಂದು ಮೀಟರಿಗಿಂತ ಹತ್ತಿರಕ್ಕೆ ತಂದಿದ್ದೇನೆ, ಅಷ್ಟು ಹತ್ತಿರದಿಂದ ಹಾರಿದ ಹಕ್ಕಿಗೆ ಪೆಟ್ಟಾಗುವಷ್ಟು ವೇಗ ಬರುವುದಿಲ್ಲ.

ಏಪ್ರಿಲ್ 16

ಮೊದಲ ಸಕ್ಕರೆ ನೀರಿನ ಫೀಡರ್ ಹೊರಗೆ ಬಂತು. ಕಾಲು ಕಪ್ ಸಕ್ಕರೆ, ಒಂದು ಕಪ್ ನೀರು. ತುಂಬಿಸಲು ಇನ್ನೂ ಜಾಗವಿದ್ದರೂ ಇಷ್ಟೇ ಸಾಕು. ಬರುವವರಿಲ್ಲದಾಗ ಹೆಚ್ಚು ಸುರಿಯುವುದು ಚೆಲ್ಲುವುದಕ್ಕೇ. ತಂಪಿನ ದಿನಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಬಿಸಿಲೇರಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು.

ಏಪ್ರಿಲ್ 22

ಹಮ್ಮಿಂಗ್‌ಬರ್ಡ್ ಇಲ್ಲ. ಚಳಿಗಾಲದ ಅತಿಥಿಗಳಾದ ಜುಂಕೊಗಳು ಮೂರು ದಿನದಿಂದ ಕಾಣುತ್ತಿಲ್ಲ, ಉತ್ತರಕ್ಕೆ ಹೊರಟಿರಬೇಕು.

ಏಪ್ರಿಲ್ 24

ಬೆಳಿಗ್ಗೆ 6.50ಕ್ಕೆ ಬಂತು.

ಮೊದಲು ಕೇಳಿದ್ದು ಸದ್ದು. ದೊಡ್ಡ ದುಂಬಿಯ ಗುಂಯ್‌ಗುಡುವಿಕೆ ಎಂದುಕೊಂಡು ತಲೆ ಎತ್ತಿದರೆ, ಫೀಡರಿನ ಮುಂದೆ ಗಾಳಿಯಲ್ಲಿ ನಿಂತಿದೆ. ಗಂಡು ಹಕ್ಕಿ. ಕೊರಳು ಮೊದಲು ಇದ್ದಿಲಿನಂತೆ ಕಪ್ಪಾಗಿ ಕಂಡಿತು. ಅದು ನನ್ನತ್ತ ಒಮ್ಮೆ ತಿರುಗಿದ್ದೇ ತಡ, ಒಲೆಯ ಕೆಂಡವನ್ನು ಊದಿದಾಗ ಹೊತ್ತಿಕೊಳ್ಳುವಂತೆ ಕೆಂಪಾಯಿತು. ಆ ಕೆಂಪು ಗರಿಯ ಬಣ್ಣದ್ದಲ್ಲ, ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬೀಳುವ ಕೋನದ್ದು. ಹಾಗಾಗಿ ನೆರಳಿನಲ್ಲಿ ಅದು ಇರುವುದೇ ಇಲ್ಲ. ಏಳು ಸಲ ಕೊಕ್ಕಿಟ್ಟು ಕುಡಿಯಿತು, ಹಿಂದಕ್ಕೆ ಸರಿದು ಹಾರಿ ಬೇಲಿಯ ತಂತಿಯ ಮೇಲೆ ಕುಳಿತು ಬಾಲವನ್ನು ಒಮ್ಮೆ ಬಿಚ್ಚಿ ಮುಚ್ಚಿತು.

ರೂಬಿ-ಥ್ರೋಟೆಡ್ ಎಂಬ ಈ ಜಾತಿಯೊಂದೇ ಪೂರ್ವ ಅಮೆರಿಕದಲ್ಲಿ ಸಂತಾನ ಬೆಳೆಸುವ ಹಮ್ಮಿಂಗ್‌ಬರ್ಡ್. ತೂಕ ಸುಮಾರು ಮೂರು ಗ್ರಾಂ. ಇಲ್ಲಿಯ ಒಂದು ಸೆಂಟಿನ ನಾಣ್ಯವೇ ಎರಡೂವರೆ ಗ್ರಾಂ ತೂಗುತ್ತದೆ. ಚಳಿಗಾಲವನ್ನು ಮೆಕ್ಸಿಕೋದ ದಕ್ಷಿಣ ಭಾಗ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ಹೊರಡುವ ಮುನ್ನ ಕೊಬ್ಬು ಬೆಳೆಸಿಕೊಂಡು ಬಹುತೇಕ ಎರಡು ಪಟ್ಟು ತೂಕವಾಗುತ್ತದೆ. ಅನೇಕವು ಮೆಕ್ಸಿಕೋ ಕೊಲ್ಲಿಯನ್ನು ಎಲ್ಲೂ ನಿಲ್ಲದೆ ಎಂಟುನೂರು ಕಿಲೋಮೀಟರಿನಷ್ಟು ಹಾರಿ ದಾಟುತ್ತವೆ. ನಾನು ಹುಡುಗನಾಗಿದ್ದಾಗ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಅಪ್ಪ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಅವು ದೊಡ್ಡ ರೆಕ್ಕೆಯ ದೊಡ್ಡ ಹಕ್ಕಿಗಳು, ಹಾರಿಬಂದವೆಂದರೆ ನಂಬಬಹುದಿತ್ತು. ಇದು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ.

ಅವ್ವ ಇದನ್ನು ಸೂರಕ್ಕಿ ಎಂದಳು. ಹೊಳಪು, ಗಾತ್ರ, ಹೂವಿನ ಆಸೆ ಎಲ್ಲವೂ ಹೋಲುವುದರಿಂದ ತಪ್ಪೇನಲ್ಲ, ಆದರೆ ಎರಡಕ್ಕೂ ನೆಂಟಸ್ತಿಕೆಯಿಲ್ಲ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮ ಸೂರಕ್ಕಿ ಹೆಚ್ಚಾಗಿ ಕೊಂಬೆಯ ಮೇಲೆ ಕುಳಿತೇ ಮಕರಂದ ಹೀರುತ್ತದೆ.

ಮೇ 2

ನಿರೀಕ್ಷಿಸಿದಂತೆಯೇ ಜಗಳ ಆರಂಭವಾಗಿದೆ. ಮೊನ್ನೆ ಹೆಣ್ಣೊಂದು ಬಂತು; ಕೊರಳು ಬಿಳಿ, ಬಾಲದ ತುದಿಯಲ್ಲೂ ಬಿಳಿಯ ಚುಕ್ಕೆ. ತಂತಿಯ ಮೇಲೆ ಕಾವಲಿದ್ದ ಗಂಡು ಎರಡೇ ಸೆಕೆಂಡಿನಲ್ಲಿ ಅದನ್ನು ಓಡಿಸಿತು. ಎರಡನೆಯ ಫೀಡರನ್ನು ಮನೆಯ ಇನ್ನೊಂದು ಪಕ್ಕಕ್ಕೆ, ತಂತಿಯ ಮೇಲೆ ಕುಳಿತವನ ಕಣ್ಣಿಗೆ ಬೀಳದಂತೆ ಗೋಡೆಯ ಮರೆಯಲ್ಲಿ ತೂಗುಹಾಕಿದೆ. ಎರಡು ವರ್ಷದ ಹಿಂದೆ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದು ಮೂರ್ಖತನವಾಗಿತ್ತು; ಒಬ್ಬನೇ ಎರಡನ್ನೂ ಕಾಯುತ್ತಿದ್ದ. ಸಂಜೆ ಹೆಣ್ಣು ಮರೆಯ ಫೀಡರಿನಲ್ಲಿ ಪೂರ್ತಿ ಒಂದು ನಿಮಿಷ ಕುಳಿತು ಕುಡಿಯಿತು.

ಮೇ 8

ಈ ವಾರ ಬರೆಯಲು ಬಿಡುವಿಲ್ಲದಷ್ಟು ಹಕ್ಕಿಗಳು ಬಂದಿವೆ. ಹವಾಮಾನ ರಾಡಾರ್‌ಗಳ ಸಹಾಯದಿಂದ ರಾತ್ರಿಯ ವಲಸೆಯನ್ನು ಅಳೆಯುವ ಬರ್ಡ್‌ಕಾಸ್ಟ್ ಎಂಬ ತಾಣವನ್ನು ಮಲಗುವ ಮುನ್ನ ನೋಡುವುದು ಅಭ್ಯಾಸವಾಗಿದೆ. ನೈರುತ್ಯದ ಬೆಚ್ಚನೆಯ ಗಾಳಿ ಬೀಸಿದ ರಾತ್ರಿಯ ಮರುದಿನ ಬೆಳಿಗ್ಗೆ ಹಿತ್ತಲು ಗಲಗಲ ಎನ್ನುತ್ತದೆ.

ಮೇ 4ರಂದು ಅರ್ಧ ಹೋಳು ಮಾಡಿದ ಕಿತ್ತಳೆಯನ್ನು ಮೊಳೆಗೆ ಸಿಕ್ಕಿಸಿಟ್ಟೆ, ಪಕ್ಕದ ಬಟ್ಟಲಿನಲ್ಲಿ ಒಂದು ಚಮಚ ದ್ರಾಕ್ಷಿ ಜೆಲ್ಲಿ. ಮರುದಿನವೇ ಬಾಲ್ಟಿಮೋರ್ ಓರಿಯೋಲ್ ಹಾಜರು. ಇದು ನಮ್ಮ ಹೊನ್ನಕ್ಕಿಯ ವಂಶದ್ದಲ್ಲ, ಹೆಸರು ಮಾತ್ರ ಅದರದು. ಬಾಲ್ಟಿಮೋರ್ ಎಂಬುದು ಲಾರ್ಡ್ ಬಾಲ್ಟಿಮೋರ್ ಎಂಬ ಬಿರುದಿದ್ದ ಇಂಗ್ಲಿಷ್ ಮನೆತನದ ಲಾಂಛನದ ಬಣ್ಣಗಳಿಂದ ಬಂದದ್ದು. ಎಲ್ಮ್ ಮರದ ತುದಿಗೆ ಇದು ಹೆಣೆಯುವ ತೂಗುಚೀಲ ನೋಡಿದರೆ ಗೀಜಗನ ನೆನಪಾಗದೆ ಇರದು. ಕ್ಯಾಟ್‌ಬರ್ಡ್ ಬೆಕ್ಕಿನಂತೆ ಮಿಯಾಂವ್‌ಗುಟ್ಟುತ್ತ ಬಂದು ಜೆಲ್ಲಿಯ ಪಾಲು ಕೇಳುತ್ತಿದೆ. ಗಂಡಿನ ಎದೆಯ ಮೇಲೆ ಕುಂಕುಮದ ತ್ರಿಕೋನವಿರುವ ರೋಸ್-ಬ್ರೆಸ್ಟೆಡ್ ಗ್ರೋಸ್‌ಬೀಕ್ ಜೋಡಿ ಕುಸುಬಿಯನ್ನು ನಿಧಾನವಾಗಿ ಒಡೆದು ತಿಂದಿತು. ಎರಡೇ ದಿನ ಇದ್ದು ಹೊರಟುಹೋಯಿತು. ಬರಗನ್ನು ನೆಲದಲ್ಲಿ ಹೆಕ್ಕುತ್ತಿದ್ದ ಕಡುನೀಲಿ ಇಂಡಿಗೋ ಬಂಟಿಂಗನ್ನು ಮೊದಲು ಕಂಡವಳು ಅವ್ವ.

ಗಾಜಿಗೆ ಈವರೆಗೆ ಯಾವ ಹಕ್ಕಿಯೂ ಬಡಿದಿಲ್ಲ.

ಮೇ 18

ಒಂದು ವೈಫಲ್ಯವನ್ನೂ ದಾಖಲಿಸಬೇಕು. ತಲೆಕೆಳಗಾಗಿ ತೂಗುವ ಬಾಟಲಿಯ ಫೀಡರ್ ಬಿಸಿಲಿಗೆ ಸೋರುತ್ತಿದೆ. ಬಾಟಲಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸಕ್ಕರೆ ನೀರನ್ನು ಹೊರದೂಡುವುದೇ ಕಾರಣ. ಅರ್ಧ ಖಾಲಿಯಾದಷ್ಟೂ ಸೋರಿಕೆ ಹೆಚ್ಚು. ನಿನ್ನೆ ಇರುವೆಗಳ ಸಾಲು ಕಂಬ ಹತ್ತಿ ಫೀಡರಿನೊಳಗೇ ಮುಳುಗಿ ಸತ್ತಿತ್ತು. ಕಂಬಕ್ಕೆ ಎಣ್ಣೆ ಬಳಿಯಲು ಪರಿಚಿತರೊಬ್ಬರು ಸಲಹೆ ಕೊಟ್ಟರು. ಅದು ಗರಿಗೆ ಅಂಟಿದರೆ ಹಕ್ಕಿಗೆ ಕುತ್ತು, ಆದ್ದರಿಂದ ಒಪ್ಪಲಿಲ್ಲ. ಕೊಕ್ಕೆಯ ಮೇಲೆ ನೀರು ತುಂಬಿದ ಸಣ್ಣ ಬಟ್ಟಲು ಸಿಕ್ಕಿಸಿದ್ದೇನೆ. ಊರಲ್ಲಿ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದ ಉಪಾಯವೇ ಇದು. ಇಲ್ಲಿ ಅದಕ್ಕೆ ಆಂಟ್ ಮೋಟ್ ಎಂಬ ಹೆಸರು, ಬೆಲೆ ಹತ್ತು ಡಾಲರ್. ಬಾಟಲಿಯ ಬದಲು ತಟ್ಟೆಯಾಕಾರದ ಫೀಡರನ್ನೇ ಎರಡೂ ಕಡೆ ಹಾಕಬೇಕು, ಅದು ಸೋರುವುದಿಲ್ಲ, ತೊಳೆಯುವುದೂ ಸುಲಭ.

ಬೇಲಿಯುದ್ದಕ್ಕೂ ಕಳೆದ ವರ್ಷ ನೆಟ್ಟ ಕೋರಲ್ ಹನಿಸಕಲ್ ಬಳ್ಳಿ ಹೂಬಿಟ್ಟಿದೆ. ಗಂಡು ಈಗ ಫೀಡರಿಗಿಂತ ಅದರತ್ತಲೇ ಹೆಚ್ಚು ಹೋಗುತ್ತದೆ. ಒದ್ದೆ ಮೂಲೆಯಲ್ಲಿ ಜ್ಯುವೆಲ್‌ವೀಡ್ ತಾನಾಗಿಯೇ ಎದ್ದಿದೆ, ಬೇಸಗೆಯ ಕೊನೆಗೆ ಹೂಬಿಡುತ್ತದೆ. ಅದು ನಮ್ಮ ಕರ್ಣಕುಂಡಲದ ಕುಲಕ್ಕೇ ಸೇರಿದ ಗಿಡ.

ಮೇ 25

ಬೆಳಿಗ್ಗೆ ಪೋರ್ಚಿನಲ್ಲಿ ಕುಳಿತು ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಒಳಗಿನಿಂದ ಚಹಾ ತರುವಷ್ಟರಲ್ಲಿ ಅವಳು ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದಳು. ಹೆಣ್ಣು ಹಮ್ಮಿಂಗ್‌ಬರ್ಡ್ ಮಾಳಿಗೆಯ ಮೂಲೆಯಲ್ಲಿ ಗಾಳಿಯಲ್ಲೇ ನಿಂತು, ತಲೆಯನ್ನು ಅತ್ತಿತ್ತ ಆಡಿಸುತ್ತ ಬಲೆಯ ಎಳೆಗಳನ್ನು ಕೊಕ್ಕಿಗೆ ಸುತ್ತಿಕೊಳ್ಳುತ್ತಿತ್ತು, ನಮ್ಮ ಕಡೆ ಹಂಜಿಯಿಂದ ನೂಲು ತೆಗೆಯುವವರ ಕೈಯಂತೆ. ಅರೆನಿಮಿಷದಲ್ಲಿ ಕೊಕ್ಕಿನ ಬುಡದಲ್ಲಿ ಬೂದುಬಣ್ಣದ ಸಣ್ಣ ಉಂಡೆಯಾಯಿತು. ನೆರೆಮನೆಯ ಓಕ್ ಮರದತ್ತ ಹಾರಿತು. ಐದು ನಿಮಿಷ ಕಳೆಯುವುದರೊಳಗೆ ಮತ್ತೆ ಬಂತು. ನಾಲ್ಕು ಸಲ ಬಂದು ಹೋದ ಮೇಲೆ ಆ ಮೂಲೆ ಬಹುತೇಕ ಖಾಲಿಯಾಗಿತ್ತು.

ಗೂಡನ್ನು ಹುಡುಕಿ ಹೋಗುವ ಯೋಚನೆಯಿಲ್ಲ. ಹೆಣ್ಣೊಂದೇ ಕಟ್ಟಿ, ಕಾವು ಕೊಟ್ಟು, ಮರಿ ಸಾಕಬೇಕು. ನಮ್ಮ ಕುತೂಹಲದ ಕಾಟ ಅದಕ್ಕೆ ಬೇಡ.

ಅವ್ವ ಅವರೆಕಾಯಿಯ ತಟ್ಟೆಯನ್ನು ತೊಡೆಯ ಮೇಲಿಂದ ಇಳಿಸಿ, ಎದ್ದು ಇನ್ನೊಂದು ಮೂಲೆಯನ್ನು ನೋಡಿ ಬಂದಳು.

"ಆ ಕಡೆ ಇನ್ನೂ ಭಾಳ ಐತಿ," ಎಂದಳು. "ಅದಕ್ಕ ಗೊತ್ತೈತೋ ಇಲ್ಲೋ."