‘ಓದಿದವರೂ ತೆಂಗಿನಕಾಯಿ ನಂಬ್ತಾರಲ್ಲ, ಯಾಕೆ ಸಾರ್?’

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಅದು ಎದ್ದು ನಿಂತ ಕಡೆ ನೆಲದಡಿ ನೀರಿದೆ ಅನ್ನುತ್ತಾರಲ್ಲ, ಅದರ ಮಾತು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ. ನಾನು ಜಿಯಾಲಜಿಸ್ಟ್, ಬೆಂಗಳೂರಿನ ಸುತ್ತಮುತ್ತ ಬೋರ್‌ವೆಲ್ಲಿಗೆ ಪಾಯಿಂಟ್ ಗುರುತು ಮಾಡಿಕೊಡುತ್ತೇನೆ ಅಂತ ಗೊತ್ತಾದರೆ ಸಾಕು. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ‘ಓದಿದವರೂ’ ಅನ್ನುವುದರ ಕೊನೆಯ ದೀರ್ಘ ತೆಗೆಯಿರಿ. ಓದದವರು ಮೋಸ ಹೋಗುವುದು ಸಹಜ ಅನ್ನುವ ಅಹಂಕಾರ ಆ ದೀರ್ಘದಲ್ಲಿ ಕೂತಿದೆ. ಕೋಲಾರದ ಕಡೆಯ ರೈತರು ಹೊಲದಲ್ಲಿ ನನ್ನ ಜೊತೆ ನಡೆಯುತ್ತಾ, ಯಾವ ಬಾವಿ ಯಾವ ವರ್ಷ ಬತ್ತಿತು, ಯಾರ ಬೋರು ಎಷ್ಟು ಅಡಿಗೆ ಹೋಯಿತು ಅಂತ ಬಾಯಲ್ಲೇ ಹೇಳುತ್ತಾರೆ. ಅಂಥ ಲೆಕ್ಕ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿಲ್ಲ.

2024ರ ಫೆಬ್ರವರಿ. ನಗರದ ಸುಮಾರು 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿದ ಬೇಸಿಗೆ ಅದು. ಕನಕಪುರ ರಸ್ತೆಯ ಕಡೆ ಒಂದು ಸೈಟು. ಮಾಲೀಕರು ಸಾಫ್ಟ್‌ವೇರ್ ಎಂಜಿನಿಯರು. ನಾನು ಕಬ್ಬಿಣದ ಗೂಟ ನೆಟ್ಟು, ನೆಲಕ್ಕೆ ಕರೆಂಟ್ ಬಿಟ್ಟು, ರೀಡಿಂಗ್ ತೆಗೆದು ಒಂದು ಜಾಗ ತೋರಿಸಿದೆ. ‘ಗ್ಯಾರಂಟಿನಾ ಸಾರ್?’ ಅಂದರು. ‘ಹತ್ತರಲ್ಲಿ ನಾಲ್ಕು’ ಅಂದೆ. ವರದಿ ಕೊಟ್ಟೆ, ಹೊರಟೆ.

ಮಾರನೇ ದಿನ ಅವರ ಮಾವನವರು ಒಬ್ಬ ಹಿರಿಯರನ್ನು ಕರೆತಂದರು. ಸುದ್ದಿ ತಿಳಿದು ನಾನೂ ಹೋದೆ. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ ಅಂಗೈ ಮೇಲೆ ಅಡ್ಡ ಮಲಗಿತ್ತು. ಅವರು ಬರಿಗಾಲಲ್ಲಿ ನಿಧಾನವಾಗಿ ನಡೆದರು. ಒಂದು ಕಡೆ ಹೆಜ್ಜೆ ಸಣ್ಣದಾಯಿತು, ಮಣಿಕಟ್ಟಿನ ನರ ಬಿಗಿಯಿತು, ಅಂಗೈ ಕೂದಲೆಳೆಯಷ್ಟು ವಾಲಿತು, ಕಾಯಿ ಎದ್ದು ನಿಂತಿತು. ಅವರು ಮೋಸಗಾರರಲ್ಲ. ತಮ್ಮ ಕೈ ವಾಲಿದ್ದು ಅವರಿಗೇ ಗೊತ್ತಿಲ್ಲ. ಮನಸ್ಸು ಎದುರುನೋಡುವುದನ್ನು ಸ್ನಾಯು ನಮಗೆ ತಿಳಿಯದಂತೆ ಮಾಡಿಬಿಡುತ್ತದೆ ಅಂತ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. 1987–88ರಲ್ಲಿ ಜರ್ಮನಿಯ ಮ್ಯೂನಿಕ್‌ ಕಡೆ, ಹೀಗೆ ನೀರು ನೋಡುವ ಸುಮಾರು 500 ಜನರಲ್ಲಿ 43 ಮಂದಿಯನ್ನು ಆರಿಸಿ, ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪು ಸರಿಸುತ್ತಾ, ಮೇಲಿನ ಅಂತಸ್ತಿನಿಂದ ಎಲ್ಲಿದೆ ಹೇಳಿ ಅಂದರು. 843 ಸಲ. ಕೆಲವರಿಗಾದರೂ ಆ ಶಕ್ತಿ ಇದೆ ಅಂದರು ಪರೀಕ್ಷೆ ಮಾಡಿದವರು. 1999ರಲ್ಲಿ ಜಿಮ್ ಎನ್‌ರೈಟ್ ಎಂಬ ವಿಜ್ಞಾನಿ ಅದೇ ಲೆಕ್ಕವನ್ನು ಮತ್ತೆ ತೆಗೆದು ನೋಡಿದರೆ, ಕುರುಡು ಊಹೆಗಿಂತ ಹೆಚ್ಚೇನೂ ಇರಲಿಲ್ಲ.

ಹಿರಿಯರು ‘350 ಅಡಿಗೆ ಎರಡಿಂಚು ನೀರು’ ಅಂದರು. ಅವರು ತೋರಿಸಿದ ಕಡೆಯೇ ಬೋರ್ ಕೊರೆಯಲು ಲಾರಿ ಬಂತು. 1,150 ಅಡಿವರೆಗೂ ಬರೀ ಬೂದು ಪುಡಿ. ಪಕ್ಕದ ಹೊಂಗೆ ಮರದ ಎಲೆಯೆಲ್ಲ ಬೆಳ್ಳಗಾಗಿತ್ತು. ಮಾಲೀಕರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ನಮ್ಮ ಹಣೇಲಿ ಬರೆದಿಲ್ಲ ಬಿಡಿ ಸಾರ್’ ಅಂದರು.

ಗಮನಿಸಿ, ತಪ್ಪು ಹಣೆಬರಹದ್ದಾಯಿತು, ಕಾಯಿಯದಲ್ಲ. ನನ್ನ ಪಾಯಿಂಟ್ ಫೇಲಾಗಿದ್ದರೆ ತಪ್ಪು ನನ್ನದಾಗುತ್ತಿತ್ತು. ನೀರು ಬಂದ ಬೋರಿಗೆ ಪೂಜೆ ಮಾಡಿ ಊರಿಗೆಲ್ಲ ಹೇಳುತ್ತೇವೆ, ಬಾರದ ಬೋರಿನ ಬಾಯಿಗೆ ಕಲ್ಲು ಮುಚ್ಚುತ್ತೇವೆ. ಮುಚ್ಚಿದ ಕಲ್ಲುಗಳನ್ನು ಎಣಿಸಿದವರಿಲ್ಲ. ಹಾಗಿದ್ದಾಗ ನಂಬಿಕೆ ತಪ್ಪು ಅಂತ ಗೊತ್ತಾಗುವುದಾದರೂ ಹೇಗೆ? ಇನ್ನೊಂದು ಮಾತು. ಲಕ್ಷಗಟ್ಟಲೆ ಹಣ ನೆಲಕ್ಕೆ ಸುರಿಯುವ ಮನುಷ್ಯನಿಗೆ ಪಕ್ಕದಲ್ಲಿ ನಿಲ್ಲುವವರು ಬೇಕು. ಆ ಹಿರಿಯರು ಲಾರಿ ಹೋಗುವವರೆಗೂ ನಿಂತಿದ್ದರು. ನಾನು ಕಾಗದ ಕೊಟ್ಟು ಹೋಗಿದ್ದೆ. ಇಷ್ಟೇ ನನ್ನ ಉತ್ತರ.

ಆದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಬೋರಿನ ನೀರು ನೆಲದೊಳಗೆ ಹೇಗೆ ಬರುತ್ತದೆ? ತೆಂಗಿನಕಾಯಿಯನ್ನು ನೋಡಿ ನಗುವವರೂ ಇದನ್ನು ಕೇಳುವುದಿಲ್ಲ. ಯಾಕೆಂದರೆ ನೆಲದೊಳಗೆ ಎಲ್ಲೋ ಹೊಳೆ ಹರಿಯುತ್ತಿದೆ, ಇನ್ನೂ ಆಳಕ್ಕೆ ಹೋದರೆ ಸಿಗುತ್ತದೆ ಅಂತ ಅವರೂ ನಂಬಿದ್ದಾರೆ. ಹೊಳೆ ಇಲ್ಲ. ನಮ್ಮ ಕಾಲ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ, ಮೇಲಿನ ಶಿಥಿಲ ಪದರದಲ್ಲಿ ಇಂಗಿ ಉಳಿದ ಮಳೆನೀರು, ಅಷ್ಟೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 30×40 ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರಿಗೂ ಹೆಚ್ಚು. 2009ರಲ್ಲೇ ಮಳೆನೀರು ಸಂಗ್ರಹಕ್ಕೆ ಕಾನೂನಾಯಿತು. ನೀರು ಇಳಿಸದೆ ಎಳೆಯುತ್ತಲೇ ಇರುವುದಕ್ಕಿಂತ ದೊಡ್ಡ ಮೂಢನಂಬಿಕೆ ಈ ಊರಿನಲ್ಲಿ ನನಗೆ ಕಂಡಿಲ್ಲ.

ಮರುವರ್ಷ ಅದೇ ಎಂಜಿನಿಯರು ಫೋನ್ ಮಾಡಿದರು. ಮನೆ ಎದ್ದಿತ್ತು. ಜೋರು ಮಳೆಯಲ್ಲಿ ಹೋದೆ. ಗೇಟಿನ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ತಾರಸಿಯ ನೀರು ಪೈಪಿನಲ್ಲಿ ಧೋ ಅಂತ ಇಳಿದು, ಟ್ಯಾಂಕರಿನ ಚಕ್ರದಡಿ ಹರಿದು ಮೋರಿ ಸೇರುತ್ತಿತ್ತು. ‘ಇನ್ನೊಂದು ಪಾಯಿಂಟ್ ನೋಡ್ತೀರಾ ಸಾರ್?’ ಅಂದರು. ನಾನು ಪೈಪು ತೋರಿಸಿದೆ. ಬತ್ತಿದ ಬೋರಿನ ಸುತ್ತ ಗುಂಡಿ ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿ, ಈ ನೀರನ್ನು ಸೋಸಿ ಅದರೊಳಗೆ ಬಿಡಿ ಅಂದೆ.

‘ಬೋರಲ್ಲಿ ನೀರು ಬರುತ್ತಾ? ಗ್ಯಾರಂಟಿನಾ?’

ಇಲ್ಲ ಅಂದೆ. ಆದರೆ ಗುಂಡಿ ತೋಡುವ ಭಾನುವಾರ ಬೆಳಗ್ಗೆ ಏಳಕ್ಕೇ ಹೋಗಿ, ಕೊನೆಯ ಬಾಂಡಲಿ ಮರಳು ಬೀಳುವವರೆಗೂ ನಿಂತಿದ್ದೆ. ಮಾವನವರು ಎರಡು ಸಲ ಕಾಫಿ ತಂದುಕೊಟ್ಟರು.