ಗುಂಪೆಯ ಕಲ್ಲೂ ಹಿಂದಿನ ಶಾಕಿನ ಗಾಳಿಯೂ

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡದ ಮುರಕಲ್ಲಿನ ಪಾದೆಯಲ್ಲಿ ಆವತ್ತು ಬೆಳಗ್ಗಿನಿಂದ ಮೌಂಟನ್ ಸೈಕಲಿನದ್ದು ಒಂದೇ ರಗಳೆ. ನಾಲ್ಕು ಸಲ ತುಳಿದರೆ ಒಂದು ಸಲ ಪೆಡಲ್ ಕಲ್ಲಿಗೆ ಬಡಿಯುತ್ತಿತ್ತು. ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತಿತ್ತು. ಫ್ರೇಮಿನಲ್ಲಿ ಫ್ಲಿಪ್ ಚಿಪ್ (ತಿರುಗಿಸಿ ಕೂರಿಸಿದರೆ ಸೈಕಲಿನ ಎತ್ತರ, ಕೋನ ಬದಲಿಸುವ ಸಣ್ಣ ಬಿಲ್ಲೆ) ಇದೆ, ತಿರುಗಿಸಿದರೆ ಮುಗಿಯಿತು ಎಂದೇ ಯಾರಿಗಾದರೂ ಅನಿಸುತ್ತದೆ. ಅಲೆನ್ ಕೀ ಹೊರಗೆ ತೆಗೆಯುವ ಮೊದಲು ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಶಾಕ್ ಕುಗ್ಗುವ ಪ್ರಮಾಣ, ಅಳೆದದ್ದು ಒಳ್ಳೆಯದಾಯಿತು.

ಹಿಂದಿನ ಶಾಕ್ (ಗಾಳಿ ತುಂಬುವ ಶಾಕ್ ಅಬ್ಸಾರ್ಬರ್) 210 × 55. ಅಂದರೆ ಅದರ ಉದ್ದ 210 ಮಿ.ಮೀ., ಕುಗ್ಗುವುದು 55 ಮಿ.ಮೀ., ಅಷ್ಟಕ್ಕೆ ಚಕ್ರ ಏರುವುದು 150. ಕುಳಿತಾಗ ಶೇ. 30 ಇಳಿಯಬೇಕೆಂದರೆ ಶಾಕಿನ ದಂಡದ ಮೇಲಿನ ರಬ್ಬರ್ ಬಳೆ 16.5 ಮಿ.ಮೀ.ಗೆ ನಿಲ್ಲಬೇಕು. ನಿಂತದ್ದು 20ಕ್ಕೆ. ಅಳೆಯುವಾಗ ನೀರು ತುಂಬಿದ ಚೀಲ ಬೆನ್ನಿಗಿರಲಿ, ಶಾಕಿನ ಲಾಕ್ ಬಿಚ್ಚಿರಲಿ. ಕುಲುಕದೆ ಕುಳಿತು, ಬಳೆಯನ್ನು ಸೀಲಿಗೆ ತಾಗಿಸಿ, ಮೆಲ್ಲ ಇಳಿಯಬೇಕು.

ಶಾಕಿನಲ್ಲಿ ಮೂರೂವರೆ ಮಿ.ಮೀ. ಹೆಚ್ಚು ಇಳಿದರೆ ಚಕ್ರದ ಲೆಕ್ಕದಲ್ಲಿ ಅದು ಸುಮಾರು ಒಂಬತ್ತೂವರೆ. ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) 6 ಮಿ.ಮೀ.ಯಷ್ಟು ಕೆಳಗೆ ಬರುತ್ತದೆ, ಹೆಡ್ ಕೋನ (ಮುಂದಿನ ಫೋರ್ಕಿನ ಓರೆ) ಹೆಚ್ಚುಕಡಿಮೆ ಅರ್ಧ ಡಿಗ್ರಿ ಮಲಗುತ್ತದೆ. ಫ್ಲಿಪ್ ಚಿಪ್ ಮಾಡುವುದೂ ಬಹುತೇಕ ಇಷ್ಟನ್ನೇ! ಗಾಳಿ ಕಡಿಮೆಯಾದದ್ದಕ್ಕೆ ಫ್ರೇಮಿನ ಮೇಲೆ ಗೂಬೆ ಕೂರಿಸುವವರೇ ಹೆಚ್ಚು.

160 ಪಿಎಸ್‌ಐ ಇದ್ದ ಗಾಳಿಯ ಒತ್ತಡವನ್ನು 180ಕ್ಕೆ ಏರಿಸಿದಾಗ ಬಳೆ ಸರಿಯಾದ ಜಾಗಕ್ಕೆ ಬಂತು. ಗಾಳಿ ತುಂಬಿದ ಮೇಲೆ ಹತ್ತು ಸಲ ನಿಧಾನವಾಗಿ ಒತ್ತಬೇಕು. ಇಲ್ಲವಾದರೆ ಒಳಗಿನ ನೆಗೆಟಿವ್ ಕೋಣೆಗೆ (ಎದುರು ದಿಕ್ಕಿನಿಂದ ಒತ್ತುವ ಗಾಳಿಯ ಕೋಣೆ) ಗಾಳಿ ಹೋಗದೆ ಅಳತೆ ಸುಳ್ಳು ಹೇಳುತ್ತದೆ. ಪಂಪ್ ಕಳಚುವಾಗ ಬುಸ್ ಎನ್ನುವುದು ಕೊಳವೆಯ ಗಾಳಿ, ಶಾಕಿನದ್ದಲ್ಲ. ಸರಿಯಾಯಿತೇ ನೋಡೋಣವೆಂದು ಮತ್ತೆ ಪಂಪ್ ಸಿಕ್ಕಿಸಿದರೆ ಕೊಳವೆ ತುಂಬಲು ಗಾಳಿ ಹೋಗಿ ಮುಳ್ಳು ಕೆಳಗೆ ತೋರಿಸುತ್ತದೆ. ಗಾಬರಿ ಬೇಡ. ಮುಳಿಹುಲ್ಲಿನ ಬೋಳುಗುಡ್ಡೆಯಲ್ಲಿ ನೆರಳಿಲ್ಲ: 25 ಡಿಗ್ರಿಯಲ್ಲಿ ತುಂಬಿದ ಗಾಳಿ 45ಕ್ಕೆ ಕಾದರೆ ಒತ್ತಡ ಶೇ. 7ರಷ್ಟು ಏರುತ್ತದೆ.

ಗಾಳಿ ಏರಿದರೆ ಕುಗ್ಗಿದ ಶಾಕ್ ಹಿಮ್ಮರಳುವ ವೇಗವೂ ಏರುತ್ತದೆ. ಆ ವೇಗ ತಗ್ಗಿಸುವ ರೀಬೌಂಡ್ ಗುಬ್ಬಿಯನ್ನು ಎರಡು ಕ್ಲಿಕ್ ಬಿಗಿ ಮಾಡಬೇಕಾಯಿತು.

ಪೆಡಲ್ ಬಡಿಯುವುದು ತುಂಬ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಚಿಪ್ಪನ್ನು ಎತ್ತರದ ಸ್ಥಾನಕ್ಕೆ ತಿರುಗಿಸಿದ್ದು ಆಮೇಲೆಯೇ. ಎರಡೂ ಬದಿಯ ಚಿಪ್ ಒಂದೇ ಮುಖವಾಗಿರಬೇಕು. ತಪ್ಪಿದರೆ ಕೊಂಡಿ ತಿರುಚಿ ಬೇರಿಂಗ್ ಸವೆಯುತ್ತದೆ. ಬೋಲ್ಟಿಗೆ ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ ಹಚ್ಚಿ, ಫ್ರೇಮಿನಲ್ಲಿ ಬರೆದ ನ್ಯೂಟನ್ ಮೀಟರಿಗೆ ಟಾರ್ಕ್ ಕೀಯಿಂದ ಬಿಗಿಯಬೇಕು, ಕೈಯಂದಾಜು ಇಲ್ಲಿ ನಡೆಯದು. ಗಾಳಿಯೆಲ್ಲ ಬಿಟ್ಟು ಶಾಕನ್ನು ಪೂರ್ತಿ ಕುಗ್ಗಿಸಿ, ಟೈರು ಸೀಟ್ ಟ್ಯೂಬಿಗೆ ತಾಗುತ್ತದೆಯೇ ನೋಡಿ. ಚಿಪ್ ತಿರುಗಿದರೆ ಲಿವರೇಜೂ (ಶಾಕ್ ಕುಗ್ಗಿದಷ್ಟಕ್ಕೆ ಚಕ್ರ ಏರುವ ಪ್ರಮಾಣ) ಬದಲಾಗಬಹುದು, ಹಾಗಾಗಿ ಸ್ಯಾಗನ್ನು ಮತ್ತೆ ಅಳೆಯಲೇಬೇಕು.

ಇಷ್ಟಾದರೂ ಕಲ್ಲು ತಾಗಿದರೆ 170 ಮಿ.ಮೀ.ನ ಕ್ರ್ಯಾಂಕ್ (ಪೆಡಲಿನ ತೋಳು) ಬಿಟ್ಟು 165 ಹಾಕಿಸಿ, ಇನ್ನೂ 5 ಮಿ.ಮೀ. ಸಿಗುತ್ತದೆ.